ನೇಮಕಾತಿ ಪರೀಕ್ಷೆಯೂ ನ್ಯಾಯಪೀಠವೂ

ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಬ್ರಾಹ್ಮಣೇತರರ ಸಂಖ್ಯೆ ಅತ್ಯಲ್ಪವಾಗಿರುವುದರ ಕಾರಣವನ್ನು ವಿಚಾರಿಸುವುದಕ್ಕಾಗಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಸಮಿತಿಯು, ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಮರುವರ್ಷವೇ ವರದಿಯನ್ನೊಪ್ಪಿಸಿ, ಏಳು ವರ್ಷಗಳೊಳಗಾಗಿ ಉನ್ನತ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲೆರಡು ಪಾಲಿಗೂ ಕಡಮೆಯಿಲ್ಲದಂತೆ ಆ ವರ್ಗಗಳಿಗೆ ಸಲ್ಲತಕ್ಕದ್ದೆಂದು ಹೇಳಿತು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅಷ್ಟರೊಳಗೆ ಅಧಿಕಾರವನ್ನು ತ್ಯಜಿಸಿದ್ದರು. ಆದರೆ ಅಂದಿನ ಈ ವಿವಾದ ನಡೆದದ್ದು ಅರಮನೆಯಲ್ಲಿ, ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ನ್ಯಾಯಾಲಯದಲ್ಲಲ್ಲ. ಹುದ್ದೆ ತಪ್ಪಿದವನು ಸರ್ಕಾರವನ್ನು ಕಟಕಟೆಗೆ ಎಳೆಯುವುದಕ್ಕೆ ಆಧಾರವಾಗಬಲ್ಲ ಸಮಾನಾವಕಾಶದ ಹಕ್ಕು ಹುಟ್ಟಿದ್ದು 1950ರ ಸಂವಿಧಾನದೊಡನೆ.

ಹುಟ್ಟಿದ ಮರುವರ್ಷವೇ ಅದು ಪರೀಕ್ಷೆಗೊಳಗಾಯಿತು. ಮಂಗಳೂರು, ಬಳ್ಳಾರಿಗಳನ್ನೂ ಒಳಗೊಂಡಿದ್ದ ಅಂದಿನ ಮದರಾಸು ರಾಜ್ಯವು 83 ಮುನ್ಸೀಫರ ಹುದ್ದೆಗಳನ್ನು ಹರಿಜನರಿಗೆ 19, ಮುಸಲ್ಮಾನರಿಗೆ 5, ಕ್ರೈಸ್ತರಿಗೆ 6, ಹಿಂದುಳಿದ ಹಿಂದೂಗಳಿಗೆ 10, ಬ್ರಾಹ್ಮಣೇತರ ಹಿಂದೂಗಳಿಗೆ 32, ಬ್ರಾಹ್ಮಣರಿಗೆ 11 ಎಂದು, ಊಟದ ಪಂಕ್ತಿಯಲ್ಲಿ ಎಲೆಯನ್ನು ಎಣಿಸಿ ಹಾಕಿದಂತೆ ವಿಂಗಡಿಸಿತ್ತು. ಇದನ್ನು ಪ್ರಶ್ನಿಸಿದ ವೆಂಕಟರಮಣ ಪ್ರಕರಣದಲ್ಲಿ 1951ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯವು, ಹರಿಜನರಿಗೂ ಹಿಂದುಳಿದವರಿಗೂ ಕಾದಿರಿಸಿದ ಸ್ಥಾನಗಳನ್ನುಳಿದು ಮಿಕ್ಕ ಹಂಚಿಕೆಯನ್ನೆಲ್ಲ ಅಸಾಂವಿಧಾನಿಕವೆಂದಿತು. ಪ್ರಾತಿನಿಧ್ಯವೆಂದರೆ ಎಲ್ಲ ಕೋಮುಗಳಿಗೂ ಪಾಲೆಂಬ ಹಳೆಯ ಭಾವನೆಯು ಅಲ್ಲಿಗೆ ಮುಗಿದು, ಹಿಂದುಳಿದಿರುವಿಕೆಯೊಂದೇ ಮೀಸಲಿನ ಆಧಾರವಾಗಿ ನಿಂತಿತು.

ಆಮೇಲಿನ ನಾಲ್ಕು ದಶಕಗಳು ಪ್ರಮಾಣವನ್ನು ಕುರಿತ ವಾದಕ್ಕೆ ಸಂದವು. ಶೇಕಡ 50 ಎಂಬ ಪ್ರಸಿದ್ಧ ಮಿತಿಯ ತವರು ನಮ್ಮ ಮೈಸೂರೇ ಎಂಬುದನ್ನೂ, ಅದು ನೌಕರಿಯಿಂದಲ್ಲ, ಕಾಲೇಜು ಪ್ರವೇಶದಿಂದ ಬಂದದ್ದೆಂಬುದನ್ನೂ ನಾವು ಮರೆಯುತ್ತೇವೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68 ಸ್ಥಾನಗಳನ್ನು ಮೀಸಲಿರಿಸಿದ ರಾಜ್ಯದ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ, 1962ರಲ್ಲಿ, ರದ್ದುಪಡಿಸುತ್ತ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರ ಪೀಠವು ಹಾಕಿದ ಆ ಗೆರೆಯು ಮರುವರ್ಷವೇ ಉದ್ಯೋಗಕ್ಷೇತ್ರಕ್ಕೂ ಹಬ್ಬಿ, ಹಿಂದಿನ ವರ್ಷಗಳಲ್ಲಿ ತುಂಬದೆ ಉಳಿದ ಹುದ್ದೆಗಳನ್ನು ಮುಂದಕ್ಕೊಯ್ದ ಕಾರಣ 45 ನೇಮಕಗಳಲ್ಲಿ 29 ಮೀಸಲಾಗಿದ್ದ ದೇವದಾಸನ್ ಪ್ರಕರಣದಲ್ಲಿ ಕೇಂದ್ರ ಸರ್ಕಾರದ ನಿಯಮವನ್ನೂ ಉರುಳಿಸಿತು. ಮೀಸಲಾತಿಯು ಸಮಾನಾವಕಾಶಕ್ಕೆ ವಿನಾಯಿತಿಯಲ್ಲ, ಅದರದೇ ಒಂದು ರೂಪವೆಂಬ ದೃಷ್ಟಿಗೆ ಅಂದು ನ್ಯಾಯಮೂರ್ತಿ ಸುಬ್ಬರಾವ್ ಅವರ ಭಿನ್ನಮತವು ದಾರಿ ತೆರೆಯಿತು, 1975ರ ಎನ್. ಎಂ. ಥಾಮಸ್ ಪ್ರಕರಣದಲ್ಲಿ ಬಹುಮತವು ಆ ದಾರಿಯನ್ನೇ ಹಿಡಿಯಿತು. 1992ರ ನವೆಂಬರ್ 16ರಂದು ಇಂದ್ರಾ ಸಾಹ್ನಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಹಿಂದುಳಿದ ವರ್ಗಗಳಿಗಿತ್ತ ಶೇ. 27ರ ಮೀಸಲನ್ನು ಎತ್ತಿಹಿಡಿದು, ಆ ವರ್ಗಗಳಲ್ಲಿ ಮುಂದುವರಿದವರ ಕೆನೆಪದರವನ್ನು ಹೊರಗಿರಿಸಿ, 50ರ ಗೆರೆಯನ್ನು ಗಟ್ಟಿಮಾಡಿತು. ಬಡ್ತಿಯಲ್ಲಿನ ಮೀಸಲಾತಿಯ ಕಥೆ, ಕರ್ನಾಟಕದ ಪವಿತ್ರಾ ಪ್ರಕರಣದ ಎರಡು ತೀರ್ಪುಗಳೂ ಸೇರಿ, ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ.

ಸಿದ್ಧಾಂತವು ಇಷ್ಟು ಸ್ಥಿರಗೊಂಡ ಮೇಲೆ ವ್ಯಾಜ್ಯ ಕಡಮೆಯಾಗಬೇಕಾಗಿತ್ತು, ಆಗಲಿಲ್ಲ. ಅದು ಗುಮಾಸ್ತನ ಮೇಜಿಗೆ ಇಳಿಯಿತು. ಎಷ್ಟು ಎಂಬ ಪ್ರಶ್ನೆ ಹೋಗಿ, ಎಣಿಸುವುದು ಹೇಗೆ ಎಂಬ ಪ್ರಶ್ನೆ ಬಂತು. 1995ರ ಸಭರ್ವಾಲ್ ಪ್ರಕರಣವು ಮೀಸಲು ಬಿಂದುಗಳ ಸರದಿಪಟ್ಟಿಯಾದ ರೋಸ್ಟರನ್ನು ಖಾಲಿ ಸ್ಥಾನಗಳ ಲೆಕ್ಕದಿಂದಲ್ಲ, ವೃಂದದ ಒಟ್ಟು ಹುದ್ದೆಗಳ ಲೆಕ್ಕದಿಂದ ನಡೆಸತಕ್ಕದ್ದೆಂದು ವಿಧಿಸಿದ ಮೇಲೆ, ಯಾವ ಬಿಂದು ಯಾರಿಗೆ ಸಂದಿದೆಯೆಂಬುದೇ ಒಂದು ಶಾಸ್ತ್ರವಾಯಿತು. ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಪದರವಿದೆ: ಪರಿಶಿಷ್ಟರು, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ಲಂಬ ವಿಭಾಗಗಳನ್ನು ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ, ಯೋಜನಾ ನಿರಾಶ್ರಿತ ಎಂಬ ಸಮತಳ ಮೀಸಲಾತಿಗಳು ಅಡ್ಡಲಾಗಿ ಕೊಯ್ಯುತ್ತವೆ, ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಮೀಸಲು ನೀಡುವ 371ಜೆ ವಿಧಿಯು ಇವೆಲ್ಲವನ್ನೂ ಇಬ್ಭಾಗಿಸುತ್ತದೆ. ಹತ್ತಿಪ್ಪತ್ತು ಹುದ್ದೆಗಳ ಅಧಿಸೂಚನೆಯಲ್ಲಿಯೂ ವರ್ಗೀಕರಣದ ಕೋಷ್ಟಕವೇ ಅರ್ಧ ಪುಟವನ್ನು ತುಂಬುವುದನ್ನು ಅಭ್ಯರ್ಥಿಗಳೆಲ್ಲ ಬಲ್ಲರು.

ಈ ಅಡ್ಡಗೆರೆಗಳ ತೊಡಕನ್ನು ಸನಿಹದಿಂದ ತೋರಿದ್ದು ಉತ್ತರಪ್ರದೇಶದ ಪೊಲೀಸ್ ಪೇದೆಗಳ ನೇಮಕಾತಿ. ಅಲ್ಲಿ ಸಾಮಾನ್ಯ ವರ್ಗದ ಮಹಿಳೆಯರ ಪಟ್ಟಿಯು 274.8298 ಅಂಕಕ್ಕೆ ನಿಂತಿದ್ದರೆ, 276.5949 ಅಂಕ ಗಳಿಸಿದ ಹಿಂದುಳಿದ ವರ್ಗದ ಅಭ್ಯರ್ಥಿನಿಯೊಬ್ಬಳು ಮನೆಯಲ್ಲಿ ಉಳಿದಿದ್ದಳು. ಸಾಮಾನ್ಯ ಮಹಿಳಾ ಸ್ಥಾನವು ಮೀಸಲು ವರ್ಗದವರಿಗೆ ಸಲ್ಲದೆಂಬುದು ಸರ್ಕಾರದ ವಾದ. ಹಾಗಾದರೆ ಹೆಚ್ಚು ಅಂಕ ಪಡೆದವಳು ಜಾತಿಯ ಕಾರಣದಿಂದಲೇ ಹೊರಗುಳಿದಂತಾಯಿತಲ್ಲವೆ? 2020ರ ಡಿಸೆಂಬರ್ 18ರ ಸೌರವ್ ಯಾದವ್ ತೀರ್ಪು ಆ ವಾದವನ್ನು ತಳ್ಳಿಹಾಕಿ, ಸಾಮಾನ್ಯ ಸ್ಥಾನವು ಯಾವ ವರ್ಗದ ಸೊತ್ತೂ ಅಲ್ಲವೆಂದು ನಿರ್ಣಯಿಸಿತು. ಇತ್ತೀಚಿನ ತೀರ್ಪುಗಳಲ್ಲಿ ಇದಕ್ಕಿಂತ ನೇರವಾದ ನ್ಯಾಯವನ್ನು ನಾನು ಕಾಣೆ. ನಮ್ಮಲ್ಲಿಯೂ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯು, ಮೀಸಲು ಕೋರುವ ವಿವಾಹಿತೆಯ ಆದಾಯ ಪ್ರಮಾಣಪತ್ರ ತಂದೆಯದಾಗಿರಬೇಕೋ ಗಂಡನದೋ ಎಂಬ ಒಂದೇ ಪ್ರಶ್ನೆಯ ಮೇಲೆ ಹೈಕೋರ್ಟಿನ ಮೆಟ್ಟಿಲು ಹತ್ತಿತು.

ಮೀಸಲಾತಿಯ ಹೊರಗೂ ಪರೀಕ್ಷೆಯ ಶುದ್ಧಿಯೆಂಬ ಬೇರೊಂದು ಧಾರೆಯಿದೆ. ಮೊದಲು ಅದರ ಗುರಿ ಸಂದರ್ಶನವಾಗಿತ್ತು: ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ, 1985ರಲ್ಲಿ, ಮೌಖಿಕ ಪರೀಕ್ಷೆಯ ಅಂಕ ಶೇ. 12.2ನ್ನು ಮೀರಕೂಡದೆಂದು ನ್ಯಾಯಾಲಯ ಹೇಳಿತು. ಈಚೆಗೆ ಗುರಿ ಉತ್ತರಪತ್ರಿಕೆಯೇ ಆಗಿದೆ. ನಮ್ಮ ರಾಜ್ಯದಲ್ಲಿ 2021ರ ಅಕ್ಟೋಬರಿನಲ್ಲಿ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ ನಡೆದ ಪರೀಕ್ಷೆಯು, ಖಾಲಿ ಬಿಟ್ಟ ಒಎಂಆರ್ ವೃತ್ತಗಳನ್ನು ಆಮೇಲೆ ತುಂಬಿದರೆಂಬ ಆರೋಪದ ಮೇಲೆ ರದ್ದಾದಾಗ, ತಪ್ಪು ಮಾಡದವರು ತಮ್ಮನ್ನೇಕೆ ಶಿಕ್ಷಿಸುತ್ತೀರೆಂದು ಕೇಳಿದರು. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಲಾಗದಿದ್ದಲ್ಲಿ ರಾಶಿಯನ್ನೇ ಚೆಲ್ಲಬೇಕಾಗುತ್ತದೆಂಬ ನಿಯಮದಂತೆ ಹೈಕೋರ್ಟು 2023ರ ನವೆಂಬರಿನಲ್ಲಿ ಮರುಪರೀಕ್ಷೆಯನ್ನೇ ಎತ್ತಿಹಿಡಿಯಿತು. 2024ರ ಜನವರಿ 23ರಂದು ಅದು ನಡೆಯಿತು. ಅದೇ ವರ್ಷ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು, ಪ್ರಶ್ನೆಗಳ ಕನ್ನಡ ಅನುವಾದವೇ ಅರ್ಥವಾಗದಂತಿದ್ದ ಕಾರಣ, ಎರಡನೆಯ ಸಲ ನಡೆಸಬೇಕಾಯಿತು. ಎರಡನೆಯ ಸಲವೂ ಕನ್ನಡ ಸರಿಯಾಗಲಿಲ್ಲ.

ಇದೇ ಧಾರೆಗೆ ಸೇರಿದ, ಆಟ ಆರಂಭವಾದ ಮೇಲೆ ನಿಯಮ ಬದಲಿಸಬಾರದೆಂಬ ಸೂತ್ರದ ಕೊನೆಯ ಪರೀಕ್ಷೆಗೆ ಪ್ರತಿವಾದಿಯಾಗಿ ನಿಂತದ್ದು ರಾಜಸ್ಥಾನದ ಹೈಕೋರ್ಟೇ ಎಂಬುದು ವಿನೋದ. ತನ್ನ 13 ಅನುವಾದಕ ಹುದ್ದೆಗಳಿಗೆ ಪರೀಕ್ಷೆ ನಡೆಸಿಯಾದ ಮೇಲೆ ಅದು ಶೇ. 75ರ ಕನಿಷ್ಠಾಂಕವನ್ನು ವಿಧಿಸಿತ್ತು. ಬರೆದ 21 ಮಂದಿಯಲ್ಲಿ ಆಯ್ಕೆಯಾದವರು ಮೂವರು. ಈ ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ ಸಂವಿಧಾನ ಪೀಠವು 2024ರ ನವೆಂಬರ್ 7ರಂದು ಸೂತ್ರವನ್ನು ಸ್ಥಿರಪಡಿಸಿತು.

ಕರ್ನಾಟಕದಲ್ಲಿ ಲೆಕ್ಕ ಮತ್ತೆ ಹೊಸತಾಗಿದೆ. ಪರಿಶಿಷ್ಟ ಜಾತಿಯ ಪಾಲು ಶೇ. 15ರಿಂದ 17ಕ್ಕೂ ಪರಿಶಿಷ್ಟ ಪಂಗಡದ್ದು 3ರಿಂದ 7ಕ್ಕೂ ಏರಿದ ಮೇಲೆ, 2024ರ ಆಗಸ್ಟಿನ ದವೀಂದರ್ ಸಿಂಗ್ ತೀರ್ಪಿನನ್ವಯ ಒಳಮೀಸಲಾತಿ ನಿಶ್ಚಯವಾಗುವ ತನಕ ಹೊಸ ಅಧಿಸೂಚನೆಗಳು ನಿಂತವು. 2025ರ ಆಗಸ್ಟಿನಲ್ಲಿ ಪರಿಶಿಷ್ಟ ಜಾತಿಯ 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಒಡೆದ ಹಂಚಿಕೆ ಹೊರಬಿತ್ತು. ಕಾದು ಕುಳಿತವರ ವಯಸ್ಸು ಮಾತ್ರ ನಿಲ್ಲಲಿಲ್ಲ. ಈ ಕಾಯುವಿಕೆ ಹೊಸತೇನಲ್ಲ: 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿಗಳ ಪಟ್ಟಿಯನ್ನು ಸರ್ಕಾರ 2014ರಲ್ಲಿ ರದ್ದುಪಡಿಸಿತು. ವ್ಯಾಜ್ಯವು ನ್ಯಾಯಮಂಡಳಿ, ಹೈಕೋರ್ಟುಗಳನ್ನು ದಾಟಿದ ಮೇಲೆ, 2022ರಲ್ಲಿ ಶಾಸನಸಭೆಯು ಕಾಯಿದೆ ಮಾಡಿ ಆ ಪಟ್ಟಿಯನ್ನೇ ಸಿಂಧುಗೊಳಿಸಿತು. ನೇಮಕಾತಿ ಪ್ರಾಧಿಕಾರಗಳವರು ಇನ್ನು ಮುಂದಾದರೂ ರೋಸ್ಟರ್ ವಹಿಯನ್ನು ಅಧಿಸೂಚನೆಯ ದಿನವೇ ಅಚ್ಚುಹಾಕಿಸಿ, ಯಾವ ಬಿಂದು ಯಾರದೆಂಬುದನ್ನು ಅಭ್ಯರ್ಥಿಯು ಅರ್ಜಿ ತುಂಬುವ ಮುನ್ನ ನೋಡಿಕೊಳ್ಳುವಂತೆ ಮಾಡಲಿ.