ಜಲಕ್ರೀಡೆ: ಕೊಳದಿಂದ ಕಡಲಿಗೆ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಇರಬೇಕೆಂದು ನಮ್ಮ ಪ್ರಾಚೀನರು ವಿಧಿಸಿದ್ದರು. ಅವುಗಳಲ್ಲಿ ಸಮುದ್ರವರ್ಣನೆ ಒಂದು, ಜಲಕ್ರೀಡಾವರ್ಣನೆ ಮತ್ತೊಂದು. ಇವೆರಡನ್ನೂ ಅವರು ಬೇರೆಬೇರೆಯಾಗಿ ಇಟ್ಟುದನ್ನು ವಾಚಕರು ಗಮನಿಸಬೇಕು. ಕವಿಯು ಕಡಲನ್ನು ದಡದಲ್ಲಿ ನಿಂತು ಬಣ್ಣಿಸಿದನು. ತನ್ನ ನಾಯಕ ನಾಯಿಕೆಯರನ್ನು ನೀರಾಟಕ್ಕೆ ಇಳಿಸಿದುದು ಸಾಮಾನ್ಯವಾಗಿ ತಾವರೆಗೊಳಕ್ಕೆ, ಇಲ್ಲವೆ ಹೊಳೆಗೆ. ಈ ವಿಂಗಡಣೆಯಲ್ಲಿ ಒಂದು ವಿವೇಕವಿದೆ.

ಆ ವಿವೇಕವನ್ನು ಕಲ್ಲಿನಲ್ಲಿ ಕಾಣಬೇಕಾದರೆ ಕಮಲಾಪುರಕ್ಕೆ ಬರಬೇಕು. ಊರಿನಿಂದ ಹಂಪೆಯ ದಾರಿ ಹಿಡಿದರೆ ರಾಣಿಯ ಸ್ನಾನಗೃಹವೆಂದು ಹೆಸರಾದ ಕಟ್ಟಡವಿದೆ. ಹೊರಗೆ ಅಲಂಕಾರವಿಲ್ಲದ ಗೋಡೆ, ಸುತ್ತ ಕಂದಕ. ಒಳಗೆ ಕಮಾನುಗಳ ಮೊಗಸಾಲೆ, ನಡುವೆ ಆಕಾಶಕ್ಕೆ ತೆರೆದ ಚೌಕಾಕಾರದ ಕೊಳ. ಅದರ ಒಂದೊಂದು ಪಕ್ಕ ಸುಮಾರು 15 ಮೀಟರ್, ಆಳ ಆರಡಿಯಷ್ಟೆ. ಸಮೀಪದ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಪುಷ್ಕರಣಿಯೊಂದಿದೆ. ಕರಿಕಲ್ಲಿನ ಐದು ಅಂತಸ್ತುಗಳು, ಅಂತಸ್ತಿಗೆಲ್ಲ ಮೆಟ್ಟಿಲುಗಳು. ಯಾವ ಕಲ್ಲು ಯಾವ ದಿಕ್ಕಿನಲ್ಲಿ ಕೂರಬೇಕೆಂಬುದನ್ನು ಕಲ್ಲುಕುಟಿಗರು ಕನ್ನಡದ ಅಕ್ಷರಗಳಲ್ಲಿ ಗುರುತು ಮಾಡಿದ್ದಾರೆ. ಇಂಥಲ್ಲಿ ಇಳಿಯುವವನಿಗೆ ಮುಂದಿನ ಹೆಜ್ಜೆ ಎಲ್ಲಿಡಬೇಕೆಂಬುದು ಗೊತ್ತಿರುತ್ತದೆ.

ಇವನ್ನು ಕಟ್ಟಿದ ಜನರು ದೊಡ್ಡ ನೀರನ್ನು ಕಾಣದವರಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪ್ರವಾಸಿ ಪಾಯಸನು ತುಂಗಭದ್ರೆಯ ಹರಿಗೋಲನ್ನು ಕಂಡು, ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ ಆ ದೋಣಿ ಹದಿನೈದಿಪ್ಪತ್ತು ಮಂದಿಯನ್ನು ಹೊತ್ತು ಗಿರಗಿರನೆ ತಿರುಗುತ್ತ ಸಾಗುವುದನ್ನು ಬರೆದಿಟ್ಟಿದ್ದಾನೆ. ಭಟ್ಕಳದ ರೇವಿನಿಂದ ರಾಜಧಾನಿಗೆ ಕುದುರೆಗಳು ಬರುತ್ತಿದ್ದವು. ಆದರೆ ಹೊಳೆ ದಾಟಿಸುವವನು ಅಂಬಿಗ, ಕಡಲು ದಾಟಿಸುವವನು ನಾವಿಕ. ಆಯಾ ನೀರನ್ನು ಬಲ್ಲವನ ಕೈಗೇ ಆಯಾ ಕೆಲಸ.

ಈಗ ಬಯಲುಸೀಮೆಯ ನಾವು ರಜೆ ಬಂದೊಡನೆ ಮಕ್ಕಳನ್ನು ಕರೆದುಕೊಂಡು ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೊರಡುತ್ತೇವೆ. ಕೆರೆಯಲ್ಲೋ ಕಾಲುವೆಯಲ್ಲೋ ಈಜು ಕಲಿತ ಹುಡುಗನು ಕಡಲೂ ನೀರೇ ತಾನೆ ಎಂದು ಭಾವಿಸುತ್ತಾನೆ. ಅದು ಬೇರೆಯೇ ನೀರು. ದಡಕ್ಕೆ ಬಂದ ಅಲೆಗಳ ನೀರು ಕೆಲವೆಡೆ ಒಂದು ಓಣಿಯಾಗಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ನೋಡುವವರಿಗೆ ಆ ಜಾಗವೇ ಶಾಂತವಾಗಿ ತೋರುವುದುಂಟು. ಅದಕ್ಕೆ ಸಿಕ್ಕಿದವನು ನೇರವಾಗಿ ದಡದತ್ತ ಈಜಿದರೆ ಸೋತುಹೋಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಶಾಲಾಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರಾದ ನಮಗೆ ಇದಕ್ಕಿಂತ ಕಠಿಣವಾದ ಪಾಠ ಬೇರೆ ಬೇಕಿಲ್ಲ.

ಹಾಗೆಂದು ಕಡಲನ್ನೇ ತೊರೆಯಬೇಕಾಗಿಲ್ಲ. ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರಗಳು 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ಪಡೆದವು. ನೀರಿನ ನಿರ್ಮಲತೆಯ ಪರೀಕ್ಷೆಯಷ್ಟೇ ಅಲ್ಲ, ಜೀವರಕ್ಷಕರ ಕಾವಲೂ ಆ ಮನ್ನಣೆಯ ನಿಯಮಗಳಲ್ಲಿ ಸೇರಿದೆ. ಮಳೆಗಾಲದಲ್ಲಿ ಇಳಿಯದಿರುವುದು, ಕೆಂಪು ಬಾವುಟ ಕಂಡರೆ ಹಿಂದೆಗೆಯುವುದು, ಕಾವಲುಗಾರನ ಸೀಟಿ ಕೇಳಿದೊಡನೆ ದಡ ಸೇರುವುದು, ಇಷ್ಟನ್ನು ಮಕ್ಕಳಿಗೆ ಹೊರಡುವ ಮುನ್ನವೇ ಹೇಳಿಕೊಡಬೇಕು.

ಕೊಳಕ್ಕೆ ನಮ್ಮ ಹಿರಿಯರು ಮೆಟ್ಟಿಲು ಕಟ್ಟಿದರು. ಕಡಲಿಗೆ ಮೆಟ್ಟಿಲು ಕಟ್ಟಲಾಗದು. ಆ ಬಾವುಟವೂ ಆ ಸೀಟಿಯೂ ಅದರ ಮೆಟ್ಟಿಲುಗಳೆಂದು ತಿಳಿಯೋಣ.