ಮರಿಯಮ್ಮನವರ ಹೆಸರಿನ ದ್ವೀಪ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯವರಾದ ನಮಗೆ ನಡುಗಡ್ಡೆಯೆಂದರೆ ಹೊಳೆಯ ನಡುವಣ ನೆಲ. ನಮ್ಮ ಕೃಷ್ಣೆ, ಘಟಪ್ರಭೆಗಳು ಸಹ್ಯಾದ್ರಿಯಲ್ಲಿ ಹುಟ್ಟಿದರೂ ಪಡುವಣ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ಹರಿಯುತ್ತವೆ. ಆದುದರಿಂದ ಆ ಕಡಲಿನ ದ್ವೀಪವನ್ನು ಕಾಣಬಯಸುವ ಕುಟುಂಬಗಳು ಹೊಳೆಯ ಜಾಡನ್ನು ಬಿಟ್ಟು ಘಟ್ಟವನ್ನಿಳಿಯಬೇಕು. ಹಾಗೆ ಇಳಿದವರು ಉಡುಪಿ ಬಳಿಯ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪವನ್ನು ಸೇರಬಹುದು. ಅದಕ್ಕೆ ಈ ಹೆಸರು ಬಂದ ಬಗೆ, ಪರಸ್ಥಳಕ್ಕೆ ಹೊರಟ ಪ್ರತಿಯೊಬ್ಬರೂ ಅರಿಯಬೇಕಾದುದು.

ವಾಸ್ಕೋ ಡ ಗಾಮನು ಕಲ್ಲಿಕೋಟೆಯನ್ನು ತಲುಪಿದ್ದು 1498ರ ಮೇ ತಿಂಗಳಿನಲ್ಲಿ. ಅದಕ್ಕೂ ಮೊದಲೇ ಈ ದ್ವೀಪದಲ್ಲಿ ಇಳಿದನೆಂದು ಹೇಳುವವರುಂಟು. ಆದರೆ ಅವನ ಸಂಗಡಿಗನೊಬ್ಬನು ಬರೆದಿಟ್ಟ ದಿನಚರಿಯ ಕ್ರಮವೇ ಬೇರೆ. ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯಿಂದ ಹೊರಟು ಉತ್ತರಕ್ಕೆ ಸಾಗುವಾಗ, ಸೆಪ್ಟೆಂಬರಿನಲ್ಲಿ, ದಡದ ಸಮೀಪದ ಕಿರುದ್ವೀಪವೊಂದರಲ್ಲಿ ಗಾಮನು ತನ್ನ ದೊರೆಯ ಶಿಲಾಸ್ತಂಭವನ್ನು ನೆಡಿಸಿ, ಅದಕ್ಕೆ ‘ಸಾಂತಾ ಮರಿಯಾ’ ಎಂದು ಹೆಸರಿಟ್ಟನು. ಮಲ್ಪೆಯ ಎದುರಿನ ದ್ವೀಪಗಳೇ ಅವೆಂಬುದು ಪರಂಪರೆಯಿಂದ ಬಂದ ಗುರುತು.

ಅದೇ ದಿನಚರಿ ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಮೀನು ತುಂಬಿದ ದೋಣಿಗಳಲ್ಲಿ ಬಂದವರಿಗೆ ಗಾಮನು ಅಂಗಿಗಳನ್ನು ಕೊಟ್ಟು, ಕಂಬ ನೆಡಲು ಒಪ್ಪಿಗೆ ಕೇಳಿದನಂತೆ. ಅದರಿಂದ ನೀವೂ ನಮ್ಮಂತೆ ಕ್ರೈಸ್ತರೆಂಬುದು ಖಚಿತವಾಗುವುದೆಂದು ಅವರು ಹರ್ಷಿಸಿದರಂತೆ! ಭಾಷೆ ತಿಳಿಯದ ಆ ನಾವಿಕರು ಕಲ್ಲಿಕೋಟೆಯಲ್ಲಿ ದೇವಾಲಯವನ್ನು ಇಗರ್ಜಿಯೆಂದೇ ತಿಳಿದು ಪ್ರಾರ್ಥಿಸಿದ್ದರು. ಇಲ್ಲಿಯೂ ತಾವು ಕಾಣಬಯಸಿದ್ದನ್ನೇ ಕಂಡರು. ಅಂಗಿಯ ಮಾತು ಕೇಳಿ ರಬಕವಿ-ಬನಹಟ್ಟಿಯ ನೇಕಾರರು ಮುಗುಳ್ನಗಬಹುದು. ಲೋಕವೇ ಬಟ್ಟೆಗಾಗಿ ಅರಸಿ ಬರುತ್ತಿದ್ದ ನಾಡಿಗೆ ತಂದ ಉಡುಗೊರೆಯದು!

ಗಾಮನ ಸ್ತಂಭ ಇಂದು ಅಲ್ಲಿಲ್ಲ. ಉಳಿದಿರುವುದು ಮನುಷ್ಯನು ನೆಡದ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ಆರಿ ಕುಗ್ಗುವಾಗ ಬಿರಿದು, ಕಡೆದಿಟ್ಟಂತಹ ಬಹುಮುಖದ ಕಂಬಗಳಾಯಿತು. ಆರು ಮುಖದವೂ ಅವುಗಳಲ್ಲಿವೆ. ಜಮಖಂಡಿಯ ಎರೆಭೂಮಿಯ ರೈತನಿಗೂ ಇಂತಹ ಕಥೆ ಪರಕೀಯವಲ್ಲ. ದಖ್ಖನ್ನಿನ ಕಪ್ಪು ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದಿನ, ಇನ್ನೊಂದು ಲಾವಾಪ್ರವಾಹದ ಕಲ್ಲು ಸವೆದು ಆದುದು.

ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ. ಚಳಿಗಾಲದ ತಿಂಗಳುಗಳು ಹಿತ. ಯಾರ ಹಂಗೂ ಇಲ್ಲದೆ ಸ್ವಂತವಾಗಿ ಹೋಗುವವರು ಕುಡಿಯುವ ನೀರನ್ನು ಒಯ್ಯಲಿ, ಕಸವನ್ನು ಮರಳಿ ತರಲಿ. ದೋಣಿಯವರೊಡನೆ ನಾಲ್ಕು ಮಾತನಾಡಲಿ. ಈ ನೆಲಕ್ಕೆ ತೋನ್ಸೆಪಾರ್ ಎಂಬ ಊರಿನವರ ಹೆಸರೂ ಇದೆಯೆಂದು ತಿಳಿದೀತು.

ಬೆಟ್ಟದ ಸೀಮೆಗೆ ನಡೆದುಹೋದ ಮರಿಯಮ್ಮನವರು ಜಕರೀಯನ ಮನೆಯನ್ನು ಹೊಕ್ಕು ಮೊದಲು ಮಾಡಿದ್ದು ಎಲಿಜಬೇತಳಿಗೆ ವಂದನೆ. ಅವರ ಹೆಸರು ಹೊತ್ತ ದ್ವೀಪಕ್ಕೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ರೀತಿ ಇನ್ನಾವುದು?