ವೆಸ್ಲಿ ಸೋದರರ ತಾಯಿ ಸುಸಾನಾ

ಹಳೆಯ ಕನ್ನಡ ಪುಸ್ತಕಗಳ ಒಳಪುಟ ತಿರುವಿ ನೋಡುವ ಅಭ್ಯಾಸವಿದ್ದವರಿಗೆ 'ವೆಸ್ಲಿಯನ್ ಮಿಷನ್ ಪ್ರೆಸ್' ಎಂಬ ಹೆಸರು ಹೊಸದಲ್ಲ. ಬೆಂಗಳೂರಿನಲ್ಲಿದ್ದ ಈ ಮುದ್ರಣಾಲಯ 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳಲ್ಲೂ ಒಟ್ಟಿಗೆ ಅಚ್ಚು ಹಾಕಿತು. ಸಂಪಾದಿಸಿದವನು ಗ್ಯಾರೆಟ್ ಎಂಬ ಪಾದ್ರಿ. ಮೈಸೂರಿನಲ್ಲಿ ವೆಸ್ಲಿ ಹೆಸರಿನ ಚರ್ಚು ಇಂದಿಗೂ ಇದೆ. ಈ ಹೆಸರಿನ ಮೂಲಪುರುಷ ಜಾನ್ ವೆಸ್ಲಿ (1703-1791), ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥವನ್ನು ಕಟ್ಟಿದವನು. ಅವನ ತಮ್ಮ ಚಾರ್ಲ್ಸ್ ಆರು ಸಾವಿರಕ್ಕೂ ಹೆಚ್ಚು ಭಕ್ತಿಗೀತೆಗಳನ್ನು ರಚಿಸಿದವನು. ಇವರಿಬ್ಬರನ್ನೂ ಹೆತ್ತು, ಅಕ್ಷರ ಕಲಿಸಿ ಬೆಳೆಸಿದ ಸುಸಾನಾಳ ವಿಚಾರ ನಮ್ಮಲ್ಲಿ ತಿಳಿದವರು ಕಡಿಮೆ. ಆಕೆಯ ಬದುಕಿನ ಒಂದು ಮುಖ್ಯ ತಿರುವಿಗೆ ನಮ್ಮ ನೆರೆಯ ತಮಿಳು ಕರಾವಳಿಯ ಸುದ್ದಿಯೊಂದು ಕಾರಣವಾಯಿತು ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಸುಸಾನಾ ಹುಟ್ಟಿದ್ದು 1669ರಲ್ಲಿ, ಲಂಡನ್ನಿನಲ್ಲಿ. ತಂದೆ ಸ್ಯಾಮ್ಯುಯೆಲ್ ಆನ್ಸ್‌ಲಿ ಅಧಿಕೃತ ಚರ್ಚಿನಿಂದ ಹೊರಬಿದ್ದ ಭಿನ್ನಮತೀಯರ ಪ್ರಸಿದ್ಧ ಪಾದ್ರಿ. ಅವನ ಇಪ್ಪತ್ತೈದು ಮಕ್ಕಳಲ್ಲಿ ಈಕೆಯೇ ಕಡೆಯವಳು. ಹದಿಮೂರು ತುಂಬುವ ಮೊದಲೇ ಎರಡೂ ಕಡೆಯ ವಾದಗಳನ್ನು ತೂಗಿ ನೋಡಿ, ತಂದೆಯ ಮತವನ್ನು ಬಿಟ್ಟು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದಳು. ತಂದೆ ಅಡ್ಡಿಪಡಿಸಲಿಲ್ಲ. 1688ರಲ್ಲಿ ಅದೇ ಚರ್ಚಿನ ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿಯನ್ನು ಮದುವೆಯಾದಳು. ಮುಂದೆ ಲಿಂಕನ್‌ಶೈರ್ ಪ್ರಾಂತದ ಎಪ್‌ವರ್ತ್ ಎಂಬ ಊರು ಇವರ ನೆಲೆಯಾಯಿತು.

ಆ ಸಂಸಾರ ಸುಖದ್ದೇನೂ ಆಗಿರಲಿಲ್ಲ. ಹೆತ್ತ 19 ಮಕ್ಕಳಲ್ಲಿ 9 ಎಳವೆಯಲ್ಲೇ ತೀರಿಕೊಂಡವು. ಗಂಡ ವಿದ್ವಾಂಸ, ಕವಿ. ಆದರೆ ಲೆಕ್ಕಾಚಾರ ತಿಳಿಯದವನು. 1705ರಲ್ಲಿ ಮೂವತ್ತು ಪೌಂಡನ್ನೂ ಮೀರದ ಸಾಲಕ್ಕೆ ಲಿಂಕನ್ ಕೋಟೆಯ ಸೆರೆಮನೆ ಸೇರಿದ. ಕಳಿಸಲು ಬೇರೇನೂ ಇಲ್ಲದೆ ಸುಸಾನಾ ತನ್ನ ಉಂಗುರಗಳನ್ನೇ ಅವನಿಗೆ ಕಳಿಸಿದಳು, ಅವನು ಹಿಂದಿರುಗಿಸಿದ. ಎಂದಾದರೂ ಊಟಕ್ಕಿಲ್ಲದೆ ಇದ್ದದ್ದುಂಟೇ ಎಂದು ಯಾರ್ಕಿನ ಆರ್ಚ್‌ಬಿಷಪ್ ಕೇಳಿದಾಗ, ಹಸಿದು ಮಲಗಿದ್ದಿಲ್ಲ, ಆದರೆ ರೊಟ್ಟಿ ಸಂಪಾದಿಸುವ ಮೊದಲಿನ ಚಿಂತೆ ಮತ್ತು ತಿಂದ ಮೇಲೆ ಹಣ ತೀರಿಸುವ ಚಿಂತೆ ಸೇರಿ ಅದರ ರುಚಿಯೇ ಹೋಗಿಬಿಡುತ್ತಿತ್ತು ಎಂಬರ್ಥದ ಉತ್ತರ ಕೊಟ್ಟಳು.

ಆಕೆ ತಲೆಬಾಗುವ ಹೆಂಡತಿಯೂ ಅಲ್ಲ. ರಾಜ ಮೂರನೆಯ ವಿಲಿಯಂನ ಪರವಾಗಿ ಗಂಡ ಮಾಡಿದ ಪ್ರಾರ್ಥನೆಗೆ ಆಕೆ 'ಆಮೆನ್' ಅನ್ನಲಿಲ್ಲ; ಆಕೆಯ ಮನಸ್ಸಿನಲ್ಲಿ ನ್ಯಾಯವಾದ ರಾಜ ಬೇರೆಯವನಿದ್ದ. ಇಬ್ಬರು ರಾಜರಿರುವ ಮನೆಯಲ್ಲಿ ಹಾಸಿಗೆಯೂ ಎರಡಾಗಲಿ ಎಂದು ಗಂಡ ಮನೆ ಬಿಟ್ಟು ನಡೆದ. 1702ರಲ್ಲಿ ರಾಜ ಸತ್ತ ಮೇಲೆ ದಂಪತಿಗಳು ಒಂದಾದರು. ಮರುವರ್ಷ ಹುಟ್ಟಿದವನೇ ಜಾನ್.

ಮನೆಯೇ ಶಾಲೆ, ತಾಯಿಯೇ ಉಪಾಧ್ಯಾಯಿನಿ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು ಗಂಟೆಯವರೆಗೆ ಪಾಠ. ಮಗುವಿಗೆ ಐದು ವರ್ಷ ತುಂಬಿದ ಮರುದಿನ ಅಕ್ಷರಾಭ್ಯಾಸ. ಒಂದೇ ದಿನದಲ್ಲಿ ಎಲ್ಲ ಅಕ್ಷರಗಳನ್ನೂ ಕಲಿಯಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಒಂದೂವರೆ ದಿನ ಹಿಡಿಯಿತಂತೆ. ಆಮೇಲೆ ನೇರವಾಗಿ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯ. ಈ ಕ್ರಮವನ್ನೆಲ್ಲ ಆಕೆ 1732ರಲ್ಲಿ ಜಾನ್ ಕೇಳಿಕೊಂಡನೆಂದು ಕಾಗದದಲ್ಲಿ ಬರೆದಿಟ್ಟಿದ್ದಾಳೆ. ಅದರಲ್ಲಿ ಕೆಲವು ಅಂಶಗಳು ಇಂದಿನ ತಾಯಂದಿರಿಗೆ ಹಿಡಿಸಲಾರವು. ವರ್ಷ ತುಂಬುವಷ್ಟರಲ್ಲಿ ಮಗುವಿಗೆ ಬೆತ್ತದ ಭಯವಿರಬೇಕು, ಅತ್ತರೂ ಸದ್ದಿಲ್ಲದೆ ಅಳಬೇಕು, ಮಗುವಿನ ಹಟವನ್ನು ಮೊದಲು ಮುರಿಯಬೇಕು ಎನ್ನುತ್ತಾಳೆ. ಆದರೆ ತಪ್ಪೊಪ್ಪಿಕೊಂಡವರಿಗೆ ಏಟಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ, ಇನ್ನೊಬ್ಬರದು ಗುಂಡುಸೂಜಿಯಾದರೂ ಕೇಳದೆ ಮುಟ್ಟುವಂತಿಲ್ಲ ಎಂಬ ನಿಯಮಗಳೂ ಅಲ್ಲೇ ಇವೆ. ಚೆನ್ನಾಗಿ ಓದಲು ಬರುವವರೆಗೆ ಹೆಣ್ಣುಮಗುವಿನ ಕೈಗೆ ಹೊಲಿಗೆ ಕೊಡಕೂಡದು ಎಂಬುದು ಇನ್ನೊಂದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಹಳ್ಳಿಗಾಡಿನ ಪಾದ್ರಿಯ ಮನೆಯಲ್ಲಿ, ಇದು ಸಣ್ಣ ಮಾತಲ್ಲ.

1709ರ ಫೆಬ್ರವರಿಯ ಒಂದು ರಾತ್ರಿ ಮನೆಗೆ ಬೆಂಕಿ ಬಿತ್ತು. ಮಹಡಿಯಲ್ಲಿ ಸಿಕ್ಕಿಕೊಂಡಿದ್ದ ಐದು ವರ್ಷದ ಜಾನ್‌ನನ್ನು, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಊರವರು ಕಿಟಕಿಯಿಂದ ಇಳಿಸಿದರು. ಮನೆ ಮತ್ತೆ ಕಟ್ಟುವವರೆಗೆ ಮಕ್ಕಳು ನಾಲ್ಕಾರು ಮನೆಗಳಿಗೆ ಹಂಚಿಹೋದರು. ಹಿಂದಿರುಗಿದಾಗ ಅವರ ನಡೆನುಡಿ ಕೆಟ್ಟಿತ್ತು, ಬೀದಿಯ ಹಾಡುಗಳು ಬಾಯಿಗೆ ಬಂದಿದ್ದವು ಎಂದು ತಾಯಿ ಕೊರಗುತ್ತಾಳೆ. ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ತಮಿಳು ಕರಾವಳಿಯ ಸುದ್ದಿ ಈ ಮನೆಗೆ ಬಂದದ್ದು ಇದಾದ ಮೇಲೆ. 1706ರಲ್ಲಿ ತರಂಗಂಬಾಡಿಯಲ್ಲಿ ಬಂದಿಳಿದು, ತಮಿಳು ಕಲಿತು ಕೆಲಸ ಮಾಡುತ್ತಿದ್ದ ಜೀಗನ್‌ಬಾಲ್ಗ್ ಮತ್ತು ಪ್ಲುಚೌ ಎಂಬ ಇಬ್ಬರು ಯುವ ಪಾದ್ರಿಗಳ ವೃತ್ತಾಂತ ಇಂಗ್ಲಿಷಿನಲ್ಲಿ ಪ್ರಕಟವಾಗಿತ್ತು. ಅಪ್ಪನ ಓದುವ ಕೋಣೆಯಲ್ಲಿದ್ದ ಅದನ್ನು ಹಿರಿಯ ಮಗಳು ಎಮಿಲಿ ತಾಯಿಗೆ ಓದಿ ಹೇಳಿದಳು. ಸುಸಾನಾಳ ಮನಸ್ಸು ಕಲಕಿತು. ತಾನು ಗಂಡಸಲ್ಲ, ಪಾದ್ರಿಯೂ ಅಲ್ಲ. ಆದರೂ ಈಗ ಮಾಡುತ್ತಿರುವುದಕ್ಕಿಂತ ಹೆಚ್ಚಿನದನ್ನು ಮಾಡಬಹುದಲ್ಲ ಎಂದು ಯೋಚಿಸಿದಳು. ಪರದೇಶದ ಕನಸು ಕಾಣದೆ ಮನೆಯಿಂದಲೇ ಆರಂಭಿಸಿದಳು. ದಿನಕ್ಕೊಂದು ಮಗುವಿನಂತೆ ಸಂಜೆಗಳನ್ನು ಹಂಚಿ, ಆ ಮಗುವನ್ನು ಒಬ್ಬಂಟಿಯಾಗಿ ಕೂರಿಸಿಕೊಂಡು ಮಾತಾಡತೊಡಗಿದಳು. ಸೋಮವಾರ ಮಾಲಿ, ಮಂಗಳವಾರ ಹೆಟ್ಟಿ, ಗುರುವಾರ ಜಾನ್, ಶನಿವಾರ ಚಾರ್ಲ್ಸ್, ಭಾನುವಾರ ದೊಡ್ಡ ಹೆಣ್ಣುಮಕ್ಕಳಿಬ್ಬರು. ಅಷ್ಟು ಮಕ್ಕಳಿದ್ದ ಮನೆಯಲ್ಲಿ ತಾಯಿ ತನ್ನೊಬ್ಬನಿಗೇ ಸಿಗುವ ಆ ಹೊತ್ತು ಎಂಥದ್ದಿರಬಹುದು? ಮುಂದೆ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾದ ಮೇಲೂ ಜಾನ್, ಆ ಗುರುವಾರದ ಸಂಜೆಯನ್ನು ಈಗಲೂ ತನಗಾಗಿ ತೆಗೆದಿಡಬಾರದೇ ಎಂದು ತಾಯಿಗೆ ಬರೆದ.

ಅದೇ ಚಳಿಗಾಲ, 1711-12ರಲ್ಲಿ, ಗಂಡ ಚರ್ಚಿನ ಮಹಾಸಭೆಗೆಂದು ಲಂಡನ್ನಿನಲ್ಲಿದ್ದ. ಭಾನುವಾರ ಸಂಜೆ ಮಕ್ಕಳಿಗೂ ಆಳುಗಳಿಗೂ ಸುಸಾನಾ ಪ್ರಾರ್ಥನೆ ಹೇಳಿ, ಒಂದು ಪ್ರಸಂಗವನ್ನು ಓದುತ್ತಿದ್ದಳು. ಕೆಲಸದ ಹುಡುಗನೊಬ್ಬ ತನ್ನ ತಂದೆತಾಯಿಗೆ ಹೇಳಿದ. ಅವರು ಬಂದರು, ನೆರೆಯವರು ಬಂದರು, ಬರಬರುತ್ತ ಇನ್ನೂರಕ್ಕೂ ಹೆಚ್ಚು ಮಂದಿ ಸೇರಿದರು. ಜಾಗವಿಲ್ಲದೆ ಎಷ್ಟೋ ಮಂದಿ ಹಿಂದಿರುಗಿದರು. ಚರ್ಚಿನಲ್ಲಿ ತನ್ನ ಪ್ರಸಂಗಕ್ಕೆ ಅಷ್ಟು ಜನವಿಲ್ಲದ ಸಹಾಯಕ ಪಾದ್ರಿ ಲಂಡನ್ನಿಗೆ ದೂರು ಬರೆದ. ಹೆಂಗಸು ಹೀಗೆ ಮಾಡುವುದು ಸರಿಯೇ, ಬೇರೆ ಯಾರಾದರೂ ಓದಲಿ ಎಂದು ಗಂಡ ಸೂಚಿಸಿದ. ಇಲ್ಲಿನ ಗಂಡಸರಲ್ಲಿ ಅಕ್ಷರ ಕೂಡಿಸದೆ ಪ್ರಸಂಗ ಓದಬಲ್ಲವನು ಒಬ್ಬನೂ ಇಲ್ಲ ಎಂದು ಆಕೆ ಉತ್ತರಿಸಿದಳು. ಅವನು ಮತ್ತೂ ಒತ್ತಾಯಿಸಿದಾಗ, ನಿಲ್ಲಿಸುವುದು ನಿಮ್ಮ ಇಚ್ಛೆ ಎಂದಷ್ಟೇ ಹೇಳಿದರೆ ಸಾಲದು, ಖಂಡಿತವಾದ ಆಜ್ಞೆ ಕೊಡಿ. ದೇವರ ಮುಂದೆ ಅದರ ಹೊಣೆ ನಿಮ್ಮ ತಲೆಯ ಮೇಲಿರಲಿ ಎಂದು ಸ್ಪಷ್ಟವಾಗಿ ಬರೆದಳು. ಆಜ್ಞೆ ಬರಲಿಲ್ಲ.

ಆಗ ಜಾನ್‌ಗೆ ಎಂಟು ವರ್ಷ. ಮುಂದೆ ಅವನು ಕಟ್ಟಿದ ಪಂಥದಲ್ಲಿ ಹನ್ನೆರಡು ಮಂದಿಯ ಸಣ್ಣ ಗುಂಪುಗಳು ವಾರಕ್ಕೊಮ್ಮೆ ಕೂಡಿ, ಪ್ರತಿಯೊಬ್ಬರ ಆತ್ಮದ ಕುಶಲ ವಿಚಾರಿಸುವ ಪದ್ಧತಿ ಬಂತು. ಇದರಲ್ಲಿ ತಾಯಿಯ ಸಂಜೆಗಳ ನೆರಳು ಕಾಣದಿರಲು ಸಾಧ್ಯವಿಲ್ಲ. ಪಾದ್ರಿ ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಲಂಡನ್ನಿನಲ್ಲಿ ಪ್ರಸಂಗ ಮಾಡುತ್ತಿದ್ದಾನೆಂದು ಕೇಳಿ ಜಾನ್ ಸಿಟ್ಟಿನಿಂದ ಧಾವಿಸಿ ಬಂದಾಗ ಅವನನ್ನು ತಡೆದವಳೂ ಮುಪ್ಪಿನ ತಾಯಿಯೇ. ನಿನ್ನಷ್ಟೇ ನಿಜವಾಗಿ ದೇವರು ಅವನನ್ನೂ ಕರೆದಿದ್ದಾನೆ, ಮೊದಲು ನೀನೇ ಕೇಳಿ ನೋಡು ಎಂದಳು. ಜಾನ್ ಕೇಳಿದ, ಒಪ್ಪಿದ. ಮೆಥಡಿಸ್ಟ್ ಪಂಥ ಹಬ್ಬಿದ್ದು ಹೆಚ್ಚಾಗಿ ಇಂಥ ಸಾಮಾನ್ಯ ಬೋಧಕರಿಂದಲೇ.

ಹೆಣ್ಣುಮಕ್ಕಳ ಕತೆ ಬೇರೆ. ಗಂಡುಮಕ್ಕಳಿಗೆ ಈ ವಿದ್ಯೆಯ ಮುಂದೆ ಆಕ್ಸ್‌ಫರ್ಡ್ ಇತ್ತು, ಹೆಣ್ಣುಮಕ್ಕಳಿಗೆ ಏನಿತ್ತು? ಹೆಟ್ಟಿ ಎಂಟನೆಯ ವಯಸ್ಸಿಗೇ ಗ್ರೀಕ್ ಓದುತ್ತಿದ್ದಳು, ಒಳ್ಳೆಯ ಕವಯಿತ್ರಿ. ಪ್ರೇಮಿಯೊಡನೆ ಓಡಿಹೋಗಿ ಮೋಸಹೋದ ಆಕೆಯನ್ನು 1725ರಲ್ಲಿ ಕೊಳಾಯಿ ಕೆಲಸದ ಒಬ್ಬನಿಗೆ ಮದುವೆ ಮಾಡಿಕೊಡಲಾಯಿತು. ತಂದೆ ಕಡೆಯವರೆಗೂ ಕ್ಷಮಿಸಲಿಲ್ಲ. ಜಾನ್ ಅವಳ ಪರವಾಗಿ, ತಂದೆಯ ಎದುರಿನಲ್ಲೇ, ದಯೆಯ ವಿಷಯವಾಗಿ ಒಂದು ಪ್ರಸಂಗ ಮಾಡಿದ. ಇನ್ನೂ ಕೆಲವು ಹೆಣ್ಣುಮಕ್ಕಳ ದಾಂಪತ್ಯವೂ ಕಷ್ಟದ್ದೇ. ಸುಸಾನಾಳನ್ನು ಆದರ್ಶ ತಾಯಿಯೆಂದು ಹೊಗಳುವ ಪುಸ್ತಕಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ.

1742ರ ಜುಲೈನಲ್ಲಿ ಸುಸಾನಾ ಲಂಡನ್ನಿನಲ್ಲಿ ತೀರಿಕೊಂಡಳು. ತನ್ನ ಪ್ರಾಣ ಹೋದೊಡನೆ ಎಲ್ಲರೂ ಸ್ತುತಿಯ ಕೀರ್ತನೆಯೊಂದನ್ನು ಹಾಡಬೇಕೆಂಬುದು ಆಕೆಯ ಕೊನೆಯ ಕೋರಿಕೆ. ಮಕ್ಕಳು ಹಾಗೆಯೇ ಮಾಡಿದರು. ಬಾಲ್ಯದಲ್ಲೇ ಭಿನ್ನಮತೀಯರನ್ನು ಬಿಟ್ಟು ಬಂದವಳನ್ನು ಕಡೆಗೆ ಮಣ್ಣು ಮಾಡಿದ್ದು ಭಿನ್ನಮತೀಯರ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ. ಸಮಾಧಿಯ ಕಲ್ಲಿಗೆ ಚಾರ್ಲ್ಸ್ ಪದ್ಯ ಬರೆದ. ಅದರಲ್ಲಿ, ಎಪ್ಪತ್ತರ ಮುಪ್ಪಿನಲ್ಲಿ ನಿಜವಾದ ನಂಬಿಕೆಯ ಅರಿವಾಗುವವರೆಗೆ ತಾಯಿ ಬರೀ ಕಟ್ಟಳೆಯ ಕತ್ತಲಲ್ಲಿ ಬದುಕಿದ್ದಳೆಂಬ ಅರ್ಥದ ಮಾತಿತ್ತು! ಅವಳ ಕೈಯಲ್ಲೇ ಪ್ರಾರ್ಥನೆ ಕಲಿತ ಮಗ ಬರೆದದ್ದು ಇದು. ಆ ಕಲ್ಲು ಈಗಿಲ್ಲ. ನಂತರ ನಿಲ್ಲಿಸಿದ ಕಲ್ಲಿನಲ್ಲಿ ಆಕೆ ಹತ್ತೊಂಬತ್ತು ಮಕ್ಕಳ ತಾಯಿ ಎಂದಿದೆ. ಅವರಲ್ಲಿ ಹೆಸರಿರುವುದು ಜಾನ್ ಮತ್ತು ಚಾರ್ಲ್ಸ್ ಇಬ್ಬರದು ಮಾತ್ರ.